ಗೇಟಿನಲ್ಲಿ ದಾಕ್ಷಿಣ್ಯ

2013ರ ಜನವರಿಯಲ್ಲಿ ನಾನು ಅಬುಧಾಬಿಯ ಒಂದು ಭಾರತೀಯ ಶಾಲೆಯಲ್ಲಿ ಕೆ.ಜಿ. ವಿಭಾಗದ ಸೂಪರ್‌ವೈಸರ್ ಆಗಿದ್ದೆ. ಸೂಪರ್‌ವೈಸರ್ ಅಂದ ಕೂಡಲೇ ಊರಿನವರಿಗೆ ಕಟ್ಟಡದ ಕೆಲಸ ಮಾಡಿಸುವವರ ನೆನಪಾಗುತ್ತದೆ. ನನ್ನ ಅತ್ತೆಯವರಂತೂ ಕೊನೆಯ ತನಕ ನಾನು ಅಲ್ಲಿ ಸಿಮೆಂಟಿನ ಚೀಲ ಎಣಿಸುತ್ತೇನೆಂದೇ ತಿಳಿದಿದ್ದರು. ಗಲ್ಫಿನ ನಮ್ಮ ಶಾಲೆಗಳಲ್ಲಿ ಒಂದೊಂದು ವಿಭಾಗದ ಮುಖ್ಯಸ್ಥರನ್ನು ಹಾಗೆ ಕರೆಯುವುದು. ಪ್ರಿನ್ಸಿಪಾಲರ ಕೆಳಗೆ, ಟೀಚರುಗಳ ಮೇಲೆ; ಬೈಗುಳ ಮಾತ್ರ ಎರಡೂ ಕಡೆಯಿಂದ. ನನ್ನ ಸುಪರ್ದಿಯಲ್ಲಿ ಹದಿನಾರು ಟೀಚರುಗಳು, ಒಂಬತ್ತು ಆಯಾಗಳು, ನಾನೂರ ಇಪ್ಪತ್ತು ಮಕ್ಕಳು.

ನನಗೆ ಕೋಪ ಬೇಗ ಬರುತ್ತದೆ. ಬಂದಷ್ಟೇ ಬೇಗ ಹೋಗುತ್ತದೆ ಎಂದು ನಾನು ಹೇಳಿಕೊಳ್ಳುತ್ತಿದ್ದೆ, ಆಯಾಗಳು ಒಪ್ಪುತ್ತಿರಲಿಲ್ಲ. ಅವರಲ್ಲಿ ನನಗೆ ಹೆದರದಿದ್ದವರು ಒಬ್ಬರೇ, ಕಾರ್ಕಳದ ಹೇಮಕ್ಕ. ನಮ್ಮ ಶಾಲೆ ಪೇಟೆಯೊಳಗಿನ ಹಳೆಯ ವಿಲ್ಲಾದಲ್ಲಿದ್ದಾಗಿನಿಂದಲೂ ಕೆ.ಜಿ. ಗೇಟು ಅವರದ್ದು. ಆಗ ಮಕ್ಕಳು ತೊಂಬತ್ತೇ. ತಾಯಂದಿರು ಅಕ್ಕಪಕ್ಕದ ಬಿಲ್ಡಿಂಗುಗಳಿಂದ ನಡೆದುಕೊಂಡೇ ಬರುತ್ತಿದ್ದರು. ಯಾವ ಮಗುವಿನ ಅಜ್ಜಿ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ, ಯಾರ ಅಪ್ಪನಿಗೆ ನೈಟ್ ಡ್ಯೂಟಿ, ಎಲ್ಲ ಹೇಮಕ್ಕನ ಬಾಯಲ್ಲೇ. ಒಮ್ಮೆ ಮುಖ ನೋಡಿದರೆ ಅವರು ಮರೆಯುವವರಲ್ಲ.

2011ರಲ್ಲಿ ಶಾಲೆ ಪೇಟೆಯ ಹೊರಗಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಹೊಸ ಕಟ್ಟಡಕ್ಕೆ ಬಂತು. ದೊಡ್ಡ ಕಾಂಪೌಂಡು, ಹನ್ನೆರಡು ಬಸ್ಸು, ಈಜುಕೊಳ, ಹೊರಗೇಟಿಗೆ ಸೆಕ್ಯುರಿಟಿ ಕಂಪನಿಯ ಗಾರ್ಡುಗಳು. ಎಲ್ಲ ಹೊಸತು. ಕೆ.ಜಿ.ಯ ಒಳಗೇಟಿಗೆ ಮಾತ್ರ ಅದೇ ಹೇಮಕ್ಕ, ಅದೇ ಪದ್ಧತಿ. ಪದ್ಧತಿ ಎಂದರೆ ಪಿಕಪ್ ಕಾರ್ಡ್. ಮಗುವಿನ ಫೋಟೋ, ಹೆಸರು, ಕರೆದುಕೊಂಡು ಹೋಗಬಹುದಾದವರ ಫೋಟೋ ಇರುವ ಒಂದು ಲ್ಯಾಮಿನೇಟೆಡ್ ಕಾರ್ಡ್. ಅದನ್ನು ತೋರಿಸಿದವರ ಕೈಗೆ ಮಾತ್ರ ಮಗು. ಇದು ಕಾಗದದಲ್ಲಿ ಇದ್ದ ಮಾತು.

ಆ ದಿನ ಗುರುವಾರ, ಅಲ್ಲಿ ಶುಕ್ರವಾರ ಶನಿವಾರ ರಜೆಯಾದ್ದರಿಂದ ವಾರದ ಕೊನೆಯ ಕೆಲಸದ ದಿನ. ಹನ್ನೆರಡೂವರೆಗೆ ಕೆ.ಜಿ. ಬಿಟ್ಟಿತು, ಹನ್ನೆರಡು ಐವತ್ತಕ್ಕೆ ಬಸ್ಸುಗಳು ಹೊರಟವು. ನಾನು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದೆ. ಒಂದು ನಲವತ್ತೈದಕ್ಕೆ ಫೋನು.

"ಮೇಡಂ, ನಾನು ತನ್ವಿಯ ಅಮ್ಮ, ರೋಹಿಣಿ. ಬಸ್ ಬಂತು. ತನ್ವಿ ಬರಲಿಲ್ಲ."

ರೋಹಿಣಿ ಪುತ್ತೂರಿನವರು, ಆಸ್ಪತ್ರೆಯಲ್ಲಿ ನರ್ಸ್. ಮನೆ ಪೇಟೆಯೊಳಗಿನ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ. ಗಂಡ ಆ ವಾರ ರಜೆಯಲ್ಲಿ ಊರಿಗೆ ಹೋಗಿದ್ದರು. ತನ್ವಿಗೆ ಐದು ವರ್ಷ, ಕೆ.ಜಿ. ಟೂ. ಬಸ್ಸಿನ ಆಯಾಳಿಗೆ ಫೋನ್ ಮಾಡಿದೆ. ಅವಳು ಹೇಳಿದ್ದು ಹೀಗೆ: ಹಿಂದಿನ ಮೂರು ಗುರುವಾರವೂ ತನ್ವಿ ಬಸ್ಸಿಗೆ ಬಂದಿರಲಿಲ್ಲ, ಯಾವುದೋ ಡ್ಯಾನ್ಸ್ ಪ್ರಾಕ್ಟೀಸಿಗೆ ಗೇಟಿನಿಂದಲೇ ಹೋಗುತ್ತಿದ್ದಳು, ಈ ವಾರವೂ ಹಾಗೇ ಎಂದು ಲಿಸ್ಟಿನಲ್ಲಿ ಗೆರೆ ಎಳೆದಳಂತೆ. ರೋಹಿಣಿಗೆ ಅದನ್ನು ಹೇಳಿದರೆ ಅವರ ಸ್ವರ ಒಡೆಯಿತು. "ಈ ವಾರ ಪ್ರಾಕ್ಟೀಸಿಗೆ ಕಳಿಸುವುದಿಲ್ಲ ಅಂತ ಡೈರಿಯಲ್ಲಿ ಬರೆದಿದ್ದೇನಲ್ಲ ಮೇಡಂ! ಹಲ್ಲು ಡಾಕ್ಟರ ಹತ್ರ ಅಪಾಯಿಂಟ್‌ಮೆಂಟ್ ಉಂಟು ಅಂತ. ಟೀಚರ್ ಸೈನ್ ಕೂಡ ಮಾಡಿದ್ದಾರೆ. ಡ್ಯಾನ್ಸ್ ಹೇಳಿಕೊಡುವವರಿಗೂ ಫೋನ್ ಮಾಡಿದ್ದೆ. ಈಗ ಅವರ ಫೋನ್ ರಿಂಗ್ ಆಗ್ತದೆ, ಎತ್ತುವುದಿಲ್ಲ."

ನಾನು ಊಟದ ಕೈಯಲ್ಲೇ ಎದ್ದೆ. ಹೇಮಕ್ಕ ಹಿಂದಿನ ವರಾಂಡದಲ್ಲಿ ಮಕ್ಕಳ ಚಾಪೆ ಕೊಡವುತ್ತಿದ್ದರು. "ತನ್ವಿಯಾ? ಇಲ್ಲ ಮೇಡಂ, ನಾನು ಯಾರ ಜೊತೆಗೂ ಕಳಿಸ್ಲಿಲ್ಲ. ಬಸ್ಸಿಗೆ ಹೋಗಿರಬೇಕು" ಎಂದರು. ಬಸ್ಸಿನವಳು ಗೇಟು ಅನ್ನುತ್ತಾಳೆ, ಗೇಟಿನವರು ಬಸ್ಸು ಅನ್ನುತ್ತಾರೆ. ಹಾಗಾದರೆ ಮಗು ಎಲ್ಲಿ? ಹೇಮಕ್ಕನ ಕಣ್ಣು ತಪ್ಪಿ ಮಗು ಗೇಟು ದಾಟುವುದಿಲ್ಲ, ಪ್ರಾಕ್ಟೀಸಿಗೂ ತಾಯಿ ಬೇಡವೆಂದಿದ್ದಾರೆ, ಹಾಗಾಗಿ ಶಾಲೆಯೊಳಗೇ ಇರಬೇಕು ಎಂದುಕೊಂಡೆ.

ಕ್ಲಾಸುಗಳು, ಟಾಯ್ಲೆಟ್ಟುಗಳು, ಆಟಿಕೆ ಇಡುವ ಕೋಣೆ, ಕರ್ಟನಿನ ಹಿಂದೆ, ಮೇಜಿನ ಕೆಳಗೆ, ಎಲ್ಲ ಕಡೆ ಹುಡುಕಿದೆವು. ಗೇಟಿನ ಕ್ಯಾಮರಾ ನೋಡೋಣವೆಂದರೆ ಅದನ್ನು ಪಾರ್ಕಿಂಗಿನ ಕಡೆ ತಿರುಗಿಸಿ ಇಟ್ಟಿದ್ದರು. ಕಾಣುತ್ತಿದ್ದದ್ದು ಕಾರಿನ ಮಾಡು ಮಾತ್ರ. ಯಾವ ಬುದ್ಧಿವಂತ ಹಾಗೆ ಇಟ್ಟನೋ! ಅಷ್ಟರಲ್ಲಿ ನನಗೆ ಈಜುಕೊಳ ನೆನಪಾಯಿತು. ಐವತ್ತೇಳು ವರ್ಷದ ನನ್ನ ಮಂಡಿ ನೋವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ, ಸೀರೆ ಎತ್ತಿ ಕಟ್ಟಿ ಓಡಿದೆ. ಬಾಗಿಲಿಗೆ ಬೀಗ ಇತ್ತು. ಆದರೂ ತೆಗೆಸಿ, ನೀರಿನ ತಳ ಕಾಣುವ ತನಕ ನಾಲ್ಕು ಸುತ್ತು ಬಂದೆ. ನೀರು ನೀಲಿಯಾಗಿ ಸುಮ್ಮನೆ ನಿಂತಿತ್ತು. ಅಲ್ಲೇ ನೆಲದಲ್ಲಿ ಕೂತು ಅತ್ತುಬಿಟ್ಟೆ. ಮೂವತ್ತೆರಡು ವರ್ಷದ ಕೆಲಸದಲ್ಲಿ ಶಾಲೆಯೊಳಗೆ ನಾನು ಅತ್ತದ್ದು ಅದೊಂದೇ ಸಲ.

ಎರಡೂವರೆ ಕಳೆದಿತ್ತು. ರೋಹಿಣಿ ಟ್ಯಾಕ್ಸಿ ಹಿಡಿದು ಹೊರಟಿದ್ದರು. ಪ್ರಿನ್ಸಿಪಾಲರು ಪೊಲೀಸರಿಗೆ ತಿಳಿಸುವುದೋ, ಮ್ಯಾನೇಜ್‌ಮೆಂಟಿಗೆ ಮೊದಲು ಹೇಳುವುದೋ ಎಂದು ಯೋಚಿಸುತ್ತಾ ನಿಂತಿದ್ದರು. ನನಗೆ ತಲೆ ಕೆಟ್ಟಿತು. "ಸರ್, ಇನ್ನು ಐದು ನಿಮಿಷ ನೋಡುತ್ತೇನೆ. ನೀವು ಮಾಡದಿದ್ದರೆ ನಾನೇ ಪೊಲೀಸರಿಗೆ ಫೋನ್ ಮಾಡುತ್ತೇನೆ" ಎಂದು ಅವರ ಮೇಜಿನ ಫೋನನ್ನು ನನ್ನ ಕಡೆ ಎಳೆದುಕೊಂಡೆ.

ಆಗ ಹೇಮಕ್ಕ ಬಂದರು. ಮುಖ ಬಿಳುಚಿತ್ತು. ಅವರು ಗೇಟಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ಹನ್ನೆರಡೂವರೆಯಿಂದ ಗೇಟು ದಾಟಿದವರನ್ನೆಲ್ಲ ಒಬ್ಬೊಬ್ಬರಾಗಿ ಸಾಲಿನಲ್ಲಿ ನೆನಪು ಮಾಡಿಕೊಂಡಿದ್ದರಂತೆ. "ಅರ್ಹಾನನ ಅಮ್ಮ. ಅವರ ಹಿಂದೆ ಕೇರಳದ ಆ ಉದ್ದ ಜಡೆಯವರು. ಮತ್ತೆ ವಾಸಣ್ಣ, ಮೊಮ್ಮಕ್ಕಳು ಇಬ್ಬರು..." ಎಂದವರು ಗಕ್ಕನೆ ನಿಂತರು. "ಇಬ್ಬರಲ್ಲ ಮೇಡಂ. ವಾಸಣ್ಣನ ಕೈ ಹಿಡಿದದ್ದು ಇಬ್ಬರು. ಆ ಮಕ್ಕಳ ಕೈ ಹಿಡಿದುಕೊಂಡು ಇನ್ನೊಂದು ಮಗು ಹೋಯಿತು. ಹಳದಿ ವಾಟರ್ ಬಾಟಲ್. ನಾನು ವಾಸಣ್ಣನ ಮುಖ ನೋಡಿದೆ, ಮಕ್ಕಳನ್ನು ನೋಡ್ಲಿಲ್ಲ!"

ವಾಸಣ್ಣ ಯಾರೆಂದರೆ, ವೀಸಾ ಅರ್ಜಿ ತುಂಬಿಸಿಕೊಡುವ ಟೈಪಿಂಗ್ ಸೆಂಟರ್ ಇಟ್ಟುಕೊಂಡಿದ್ದ ಉಡುಪಿ ಕಡೆಯ ಹಿರಿಯರು. ಅಬುಧಾಬಿಯಲ್ಲಿ ಕನ್ನಡ ಮಾತಾಡುವವರಿಗೆ ಅವರ ಪರಿಚಯ ಇಲ್ಲವೆಂದರೆ ಅಬುಧಾಬಿಗೆ ಬಂದದ್ದೇ ಸುಳ್ಳು. ಅವರ ಮಗಳ ಅವಳಿ ಮಕ್ಕಳು ನಮ್ಮಲ್ಲೇ ಕೆ.ಜಿ. ಟೂ. ನಮ್ಮ ಕನ್ನಡದವರ ಕೂಟದ ವಾರ್ಷಿಕೋತ್ಸವಕ್ಕೆ ಮಕ್ಕಳ ಡ್ಯಾನ್ಸ್ ಇತ್ತು. ಅದರ ಪ್ರಾಕ್ಟೀಸ್ ಶಾಲೆಯಿಂದ ಹತ್ತು ನಿಮಿಷದ ದಾರಿಯ ಒಂದು ವಿಲ್ಲಾದಲ್ಲಿ. ಮೂರು ವಾರ ರೋಹಿಣಿಯೇ ಶಾಲೆಗೆ ಫೋನ್ ಮಾಡಿ ತನ್ವಿಯನ್ನು ವಾಸಣ್ಣನ ಜೊತೆ ಕಳಿಸಿದ್ದರು.

ಫೋನು ಮಾಡಿದರೆ ವಾಸಣ್ಣ ಎತ್ತಲಿಲ್ಲ. ಹೇಮಕ್ಕನನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಹಿಂದಿನ ವರ್ಷ ನಾನೇ ಅಲ್ಲಿ ಮಕ್ಕಳಿಗೆ ನಾಟಕ ಹೇಳಿಕೊಟ್ಟವಳು, ದಾರಿ ಗೊತ್ತಿತ್ತು. ಬಾಗಿಲು ತೆರೆದರೆ ಕಿವಿ ಒಡೆಯುವ ಹಾಡು, ಇಪ್ಪತ್ತು ಮಕ್ಕಳ ಗಲಾಟೆ. ಫೋನುಗಳೆಲ್ಲ ಮೂಲೆಯ ಮೇಜಿನ ಮೇಲೆ ಒಂದರ ಮೇಲೊಂದು ಬಿದ್ದಿದ್ದವು. ತನ್ವಿ ಒಂದು ಕೈಯಲ್ಲಿ ಅರ್ಧ ತಿಂದ ಗೋಳಿಬಜೆ ಹಿಡಿದುಕೊಂಡು ಕುಣಿಯುತ್ತಿದ್ದಳು. ನನ್ನನ್ನು ಕಂಡು ಕಣ್ಣರಳಿಸಿ, "ಮ್ಯಾಮ್! ಯು ಆರ್ ಆಲ್ಸೋ ಡ್ಯಾನ್ಸಿಂಗ್?" ಎಂದಳು. ಸಮಯ ಮೂರು ಗಂಟೆ ಐದು ನಿಮಿಷ. ಫೋನು ಬಂದಲ್ಲಿಂದ ಒಂದು ಗಂಟೆ ಇಪ್ಪತ್ತು ನಿಮಿಷ ಮಗು ಎಲ್ಲಿದೆ ಎಂದು ಶಾಲೆಗೆ ಗೊತ್ತಿರಲಿಲ್ಲ.

ವಾಸಣ್ಣನಿಗೆ ವಿಷಯ ತಿಳಿದಾಗ ಪಾಪ, ಗೋಡೆ ಹಿಡಿದುಕೊಂಡರು. "ಮಗು ಅಜ್ಜ ಅಜ್ಜ ಅಂತ ಓಡಿ ಬಂತಲ್ಲ, ಪ್ರತಿ ವಾರದ ಹಾಗೆ ಅಂತ ಕರ್ಕೊಂಡು ಬಂದೆ ಮಾರಾಯ್ರೆ" ಎಂದರು. ಡ್ಯಾನ್ಸ್ ಹೇಳಿಕೊಡುವವರು ತನ್ವಿ ಬರುವುದಿಲ್ಲ ಎಂಬುದನ್ನು ಅವರಿಗೆ ಹೇಳಲು ಮರೆತಿದ್ದರು, ಮಗು ಬಂದಾಗ ತಾಯಿ ಮನಸ್ಸು ಬದಲಾಯಿಸಿರಬೇಕು ಎಂದುಕೊಂಡಿದ್ದರು. ಶಾಲೆಗೆ ಮರಳಿದಾಗ ರೋಹಿಣಿ ಗೇಟಿನಲ್ಲೇ ನಿಂತಿದ್ದರು. ಮಗುವನ್ನು ಎತ್ತಿ ಅಪ್ಪಿಕೊಂಡರು. ಮಗುವಿನ ಬ್ಯಾಗು ಹೆಗಲಿಗೇರಿಸಿ ನೇರ ಟ್ಯಾಕ್ಸಿ ಹತ್ತಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶನಿವಾರ ಶಾಲೆಗೆ ರಜೆ. ಅಂದು ಮ್ಯಾನೇಜ್‌ಮೆಂಟಿನ ಲೀಗಲ್ ಅಡ್ವೈಸರ್ ಮೆನನ್ ದುಬೈಯ ದೇರಾದಲ್ಲಿದ್ದ ತಮ್ಮ ಆಫೀಸಿನಿಂದ ಬಂದರು. ಸಣ್ಣ ಸ್ವರದ, ಸಭ್ಯ ಮನುಷ್ಯ. ನಮಗೆ ಅವರು ತಿಳಿಸಿಕೊಟ್ಟದ್ದನ್ನು ಇಲ್ಲಿ ಸರಳವಾಗಿ ಹೇಳುತ್ತೇನೆ. ಮಗು ಶಾಲೆಯ ಬಸ್ಸಿನ ಮೆಟ್ಟಿಲು ಹತ್ತಿದಲ್ಲಿಂದ ಸರಿಯಾದ ಕೈಗೆ ಒಪ್ಪಿಸುವ ತನಕ ಅದರ ಹೊಣೆ ಶಾಲೆಯದ್ದು. ಇದಕ್ಕೆ 'ಡ್ಯೂಟಿ ಆಫ್ ಕೇರ್' ಎನ್ನುತ್ತಾರೆ. ಮಗುವಿಗೆ ಏನೂ ಆಗಲಿಲ್ಲ ಎಂಬುದು ದೇವರ ದಯೆ, ಶಾಲೆಯ ಸಾಧನೆಯಲ್ಲ. ತಾಯಿ ಡೈರಿಯಲ್ಲಿ ಬರೆದಿದ್ದಾರೆ, ಟೀಚರ್ ಸಹಿ ಮಾಡಿದ್ದಾರೆ, ಎಂದರೆ ಶಾಲೆಗೆ ವಿಷಯ ಮುಟ್ಟಿದೆ. ತಾಯಿ ದೂರು ಕೊಟ್ಟರೆ ಕೇಳುವ ಪ್ರಶ್ನೆ ಒಂದೇ: ನಿಗಾ ಇಡುವ ವ್ಯವಸ್ಥೆಯೇ ಸರಿ ಇರಲಿಲ್ಲವೋ, ಅಥವಾ ಸರಿಯಿದ್ದ ವ್ಯವಸ್ಥೆಯನ್ನು ಒಬ್ಬ ಸಿಬ್ಬಂದಿ ಮೀರಿದ್ದೋ?

ಮೆನನ್ ಫೈಲಿನಿಂದ ಒಂದು ಕಾಗದ ತೆಗೆದರು. "ಇಲ್ಲಿ ಸರ್ಕ್ಯುಲರ್ ಇದೆ. ಪಿಕಪ್ ಕಾರ್ಡ್ ನೋಡದೆ ಯಾವ ಮಗುವನ್ನೂ ಯಾರಿಗೂ ಒಪ್ಪಿಸಬಾರದು. ಕೆಳಗೆ ನಿಮ್ಮದೇ ಸಹಿ, ಮೇಡಂ. ಗೇಟಿನ ಆಯಾ ಇದನ್ನು ಮೀರಿದ್ದಾರೆ. ಅವರೂ ಒಪ್ಪಿಕೊಂಡಿದ್ದಾರೆ." ಹೇಮಕ್ಕನ ಹೇಳಿಕೆಯನ್ನು ಆಗಲೇ ಟೈಪ್ ಮಾಡಿಸಿದ್ದರು. ಎರಡೇ ಸಾಲು. 'ತಪ್ಪು ನನ್ನದು. ಕಾರ್ಡ್ ಕೇಳಲಿಲ್ಲ.' ಇನ್ನು ನಾನು ಭಾನುವಾರ ಬೆಳಿಗ್ಗೆಯೊಳಗೆ ಘಟನೆಯ ವರದಿ ಬರೆದು ಕೊಟ್ಟರೆ ಖಲಾಸ್. ಹೇಮಕ್ಕನ ಕೆಲಸ ಹೋಗುತ್ತದೆ, ಶಾಲೆ ಉಳಿಯುತ್ತದೆ. ಅಲ್ಲಿ ಕೆಲಸ ಹೋದರೆ ವೀಸಾ ಕ್ಯಾನ್ಸಲ್, ವೀಸಾ ಹೋದರೆ ಒಂದು ತಿಂಗಳೊಳಗೆ ಪೆಟ್ಟಿಗೆ ಕಟ್ಟಬೇಕು. ಹೇಮಕ್ಕನ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು.

ಈ ತನಕ ನಾನು ಹೇಳದೆ ಬಿಟ್ಟ ಒಂದು ಮಾತುಂಟು. ನಾಚಿಕೆಯಿಂದಲೇ ಬಿಟ್ಟದ್ದು, ಈಗ ಹೇಳಿಬಿಡುತ್ತೇನೆ. ವಿಲ್ಲಾದ ಕಾಲದಲ್ಲಿ ಒಂದು ದಿನ ಹೇಮಕ್ಕ ಒಬ್ಬ ತಾಯಿಯ ಹತ್ತಿರ ಕಾರ್ಡ್ ಕೇಳಿದ್ದರು. ಆ ತಾಯಿ ನನ್ನ ಕೋಣೆಗೆ ಬಂದು, "ನಾಲ್ಕು ವರ್ಷದಿಂದ ದಿನಾ ನೋಡ್ತೀರಿ, ಇವತ್ತು ನಾನು ಮಕ್ಕಳ ಕಳ್ಳಿ ಆದೆನಾ?" ಎಂದು ಕಣ್ಣೀರು ಹಾಕಿದ್ದರು. ನಮ್ಮ ಕಡೆಯವರಿಗೆ ಇದೊಂದು ಕಾಯಿಲೆ. ಪರಿಚಯದವರ ಹತ್ತಿರ ಗುರುತಿನ ಚೀಟಿ ಕೇಳಿದರೆ ಕೇಳಿದವರಿಗೂ ಸಂಕೋಚ, ಕೇಳಿಸಿಕೊಂಡವರಿಗೂ ಅವಮಾನ. ಪರದೇಶದಲ್ಲಂತೂ ನಮ್ಮವರು ಅಂತ ಇರುವವರೇ ನಾಲ್ಕು ಜನ, ಅವರನ್ನೂ ಗೇಟಿನಲ್ಲಿ ತಡೆಯುವುದು ಹೇಗೆ ಎಂಬ ದಾಕ್ಷಿಣ್ಯ ಬೇರೆ. ಆ ಸಂಜೆ ನಾನು ಹೇಮಕ್ಕನನ್ನು ಕರೆದು ತುಳುವಿನಲ್ಲಿ ಗದರಿದ್ದೆ: ಗುರ್ತ ಇದ್ದವರ ಹತ್ರ ಇನ್ನು ಕಾರ್ಡ್ ಕೇಳಬೇಡಿ. ಸರ್ಕ್ಯುಲರಿಗೆ ಸಹಿ ಹಾಕಿದವಳೂ ನಾನೇ, ಅದನ್ನು ಬಾಯಿಮಾತಿನಲ್ಲಿ ಅಳಿಸಿದವಳೂ ನಾನೇ. ತೊಂಬತ್ತು ಮಕ್ಕಳಿಗೆ ಹೇಳಿದ ಮಾತು ನಾನೂರ ಇಪ್ಪತ್ತು ಮಕ್ಕಳಾದ ಮೇಲೂ ಹಾಗೆಯೇ ನಡೆಯುತ್ತಿತ್ತು. ಅದು ಗೊತ್ತಿದ್ದದ್ದು ನಮಗಿಬ್ಬರಿಗೆ ಮಾತ್ರ.

ಸಂಜೆ ಹೇಮಕ್ಕ ಇರುವ ಸ್ಟಾಫ್ ಫ್ಲ್ಯಾಟಿಗೆ ಹೋದೆ. ಅವರು ಆಗಲೇ ಸೂಟ್‌ಕೇಸ್ ಮಂಚದ ಮೇಲೆ ತೆರೆದಿಟ್ಟಿದ್ದರು. ನನಗೆ ಕೆಟ್ಟ ಕೋಪ ಬಂತು, ನನ್ನ ಮೇಲೆಯೇ ಇರಬೇಕು, ಬೈದದ್ದು ಮಾತ್ರ ಅವರಿಗೆ.

"ಎಂತ ಹೇಮಕ್ಕ, ಬಾಯಿ ಇರಲಿಲ್ಲವಾ ನಿಮಗೆ? ಕಾರ್ಡ್ ಕೇಳಬೇಡಿ ಅಂತ ಹೇಳಿದ್ದು ನಾನು ಅಂತ ಯಾಕೆ ಹೇಳಲಿಲ್ಲ?"

"ಹೇಗೆ ಹೇಳುವುದು ಮೇಡಂ? ಅಷ್ಟು ಜನರ ಎದುರು ನಿಮ್ಮ ಹೆಸರು ತೆಗೆಯಲಿಕ್ಕೆ ನನಗೆ ಬಾಯಿ ಬರ್ಲಿಲ್ಲ. ನಿಮಗೆ ರಿಟೈರ್ ಆಗಲಿಕ್ಕೆ ಮೂರು ವರ್ಷ ಉಂಟಲ್ಲ" ಎಂದವರು, ಪಾತ್ರೆ ಕೈಗೆತ್ತಿಕೊಂಡು, "ಚಾ ಮಾಡ್ಲಾ?" ಎಂದರು.

ಗುರುವಾರ ಮಗುವನ್ನು ಕಳಿಸಿದ ಅದೇ ದಾಕ್ಷಿಣ್ಯ ಈಗ ನನ್ನನ್ನು ಉಳಿಸಲು ನಿಂತಿತ್ತು. ನನಗೆ ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ. ಚಾ ಕುಡಿದೆ. "ಆ ಸೂಟ್‌ಕೇಸ್ ಒಳಗಿಡಿ, ಕಣ್ಣಿಗೆ ಚುಚ್ಚುತ್ತದೆ" ಎಂದು ಹೇಳಿ ಬಂದೆ.

ದೊಡ್ಡ ಧೈರ್ಯವಂತೆಯ ಹಾಗೆ ಮನೆಗೆ ಬಂದು ಬರೆದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲು ಬರೆದ ವರದಿಯಲ್ಲಿ ನನ್ನ ಹೆಸರೇ ಇರಲಿಲ್ಲ. 'ರೂಢಿಯಿಂದ ಬಂದ ಸಡಿಲತೆ' ಎಂದೇನೋ ಚಂದದ ಪದ ಹಾಕಿದ್ದೆ. ನನ್ನವರು ಓದಿ, "ಈ ರೂಢಿ ಎಂಬವರು ಯಾರು? ನಿಮ್ಮ ಶಾಲೆಯಲ್ಲಿ ಹೊಸತಾಗಿ ಸೇರಿದವರಾ?" ಎಂದು ಕೇಳಿದರು. ಆ ಮನುಷ್ಯ ವರ್ಷಕ್ಕೊಂದು ತಮಾಷೆ ಮಾಡುವುದು, ಅದು ಇಂಥ ಹೊತ್ತಿಗೇ ಬರುತ್ತದೆ. ಕಾಗದ ಹರಿದೆ. ಮತ್ತೆ ಬರೆದೆ: ಪರಿಚಿತರಿಂದ ಕಾರ್ಡ್ ಕೇಳಬಾರದೆಂದು ಗೇಟಿನ ಆಯಾಗೆ ಮೌಖಿಕ ಆದೇಶ ಕೊಟ್ಟವಳು ನಾನು. ಮಕ್ಕಳ ಸಂಖ್ಯೆ ನಾಲ್ಕು ಪಟ್ಟು ದಾಟಿದರೂ ಗೇಟಿಗೆ ಎರಡನೆಯ ಆಯಾ ಕೊಡದವಳು ನಾನು. ಡೈರಿಯಲ್ಲಿ ಪೋಷಕರು ಬರೆದ ಬದಲಾವಣೆ ಗೇಟಿಗೂ ಬಸ್ಸಿಗೂ ತಲುಪುವ ದಾರಿಯನ್ನೇ ಮಾಡದವಳು ನಾನು.

ಭಾನುವಾರ ಮೆನನ್ ಅದನ್ನು ಎರಡು ಸಲ ಓದಿದರು. "ಮೇಡಂ, ಇದು ಶಾಲೆಯ ಕೈ ಕಟ್ಟುತ್ತದೆ" ಎಂದರು. ನಾನು, "ಸರ್, ಹೇಮಕ್ಕನನ್ನು ಕಳಿಸಿದರೆ ನಾಳೆ ಆ ಗೇಟಿಗೆ ಹೊಸಬರು ಬರುತ್ತಾರೆ. ವ್ಯವಸ್ಥೆ ಅದೇ ಇರುತ್ತದೆ. ಇನ್ನೊಂದು ಮಗು ಹೋದರೆ ಆಗ ಯಾರನ್ನು ಕಳಿಸುವುದು?" ಎಂದೆ. ಪ್ರಿನ್ಸಿಪಾಲರು ಕಿಟಕಿಯ ಕಡೆ ನೋಡುತ್ತಿದ್ದರು. ಮಧ್ಯಾಹ್ನ ರೋಹಿಣಿ ಬಂದಾಗ, ನನ್ನ ವರದಿಯನ್ನು ಅವರಿಗೂ ಓದಿ ಹೇಳಬೇಕೆಂದು ಹೇಳಿದವರು ಆ ಪ್ರಿನ್ಸಿಪಾಲರೇ. ನಾನು ಅವರಿಂದ ಅದನ್ನು ನಿರೀಕ್ಷಿಸಿರಲಿಲ್ಲ.

ರೋಹಿಣಿ ಪೂರ್ತಿ ಕೇಳಿದರು. ಅವರ ಕೈಯಲ್ಲಿ ಬರೆದು ತಂದ ದೂರು ಇತ್ತು. "ಆಯಾಳನ್ನು ತೆಗೆದಿದ್ದೇವೆ ಅಂತ ನೀವು ಹೇಳಿದ್ದರೆ ನಾನು ಇದನ್ನು ಕೊಟ್ಟೇ ಕೊಡುತ್ತಿದ್ದೆ" ಎಂದರು. "ನಮ್ಮ ವಾರ್ಡಿನಲ್ಲೂ ಹಾಗೇ. ತಪ್ಪಾದಾಗ ಮೊದಲು ಕೆಳಗಿನವರನ್ನು ಹುಡುಕ್ತಾರೆ. ನನಗೆ ಯಾರ ಕೆಲಸವೂ ಬೇಡ ಮೇಡಂ. ನಾಳೆ ಗೇಟಿನಲ್ಲಿ ಎಂತ ಬದಲಾಗ್ತದೆ, ಅದನ್ನು ಹೇಳಿ. ಆಗದಿದ್ದರೆ ಈ ಕಾಗದ ನನ್ನ ಹತ್ರ ಇರ್ತದೆ."

ಬದಲಾಯಿತು. ಗೇಟಿಗೆ ಇಬ್ಬರು: ಒಬ್ಬರು ಕಾರ್ಡ್ ಮತ್ತು ಮುಖ ನೋಡುವವರು, ಇನ್ನೊಬ್ಬರು ಮಗುವನ್ನು ನೋಡಿ ಹೆಸರಿಗೆ ಗುರುತು ಹಾಕುವವರು. ಡೈರಿಯಲ್ಲಿ ಬಂದ ಬದಲಾವಣೆ ಹನ್ನೊಂದು ಗಂಟೆಯೊಳಗೆ ಒಂದೇ ಹಾಳೆಯಲ್ಲಿ ಗೇಟಿಗೂ ಬಸ್ಸಿಗೂ ಹೋಗಬೇಕು. ಕ್ಯಾಮರಾ ಗೇಟಿಗೆ ತಿರುಗಿತು. ಟೀಚರಿಗೆ, ಬಸ್ಸಿನ ಆಯಾಳಿಗೆ, ಹೇಮಕ್ಕನಿಗೆ ಎಚ್ಚರಿಕೆಯ ಪತ್ರ, ನನಗೆ ಸ್ವಲ್ಪ ಉದ್ದದ ಮೆಮೊ. ರಿಟೈರ್ ಆಗುವ ತನಕ ಅದು ನನ್ನ ಫೈಲಿನಲ್ಲಿತ್ತು. ಅದರ ಬಗ್ಗೆ ನನಗೆ ಬೇಸರವಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೇ ಉಂಟು.

ಮುಂದಿನ ಗುರುವಾರ ವಾಸಣ್ಣ ಬಂದರು. ಹೇಮಕ್ಕ ಕೈ ಅಡ್ಡ ಇಟ್ಟರು. "ಎಂತ ಹೇಮಕ್ಕ, ನನ್ನ ಗುರ್ತ ಮರೆತುಹೋಯಿತಾ?" ಎಂದು ವಾಸಣ್ಣ ನಕ್ಕರೆ, "ಗುರ್ತ ಉಂಟು ವಾಸಣ್ಣ, ಕಾರ್ಡ್ ಕಾಣುವುದಿಲ್ಲ" ಎಂದರು. ವಾಸಣ್ಣ ಮಧ್ಯಾಹ್ನದ ಬಿಸಿಲಿನಲ್ಲಿ ಕಾರಿಗೆ ವಾಪಸು ಹೋಗಿ ಕಾರ್ಡ್ ತಂದರು. ಬೇಸರ ಮಾಡಿಕೊಳ್ಳಲಿಲ್ಲ.

ಫೆಬ್ರವರಿ ತಿಂಗಳಲ್ಲಿ ಒಂದು ಮಧ್ಯಾಹ್ನ ಗೇಟಿನಲ್ಲಿ ಮಾತು ಜೋರಾಗಿ ಕೇಳಿ ಹೊರಗೆ ಬಂದೆ. ನೋಡಿದರೆ ರೋಹಿಣಿ! ನರ್ಸಿನ ಯೂನಿಫಾರ್ಮಿನಲ್ಲೇ ಡ್ಯೂಟಿಯಿಂದ ನೇರ ಬಂದಿದ್ದರು, ತನ್ವಿಗೆ ಹುಷಾರಿಲ್ಲವೆಂದು ಟೀಚರ್ ಫೋನ್ ಮಾಡಿದ್ದರು. ಅವಸರದಲ್ಲಿ ಕಾರ್ಡ್ ಮನೆಯಲ್ಲೇ ಉಳಿದಿತ್ತು. ಒಳಗಿನಿಂದ ತನ್ವಿ "ಮಮ್ಮೀ" ಎಂದು ಅಳುತ್ತಿದ್ದಾಳೆ, ಹೊರಗೆ ತಾಯಿ, ನಡುವೆ ಹೇಮಕ್ಕ. "ನನ್ನ ಮಗುವನ್ನು ನನಗೇ ಕೊಡುವುದಿಲ್ಲವಾ?" ಎಂದು ರೋಹಿಣಿಯ ಮುಖ ಕೆಂಪೇರಿತ್ತು.

ಹೇಮಕ್ಕನಿಗೂ ಅವರು ಯಾರೆಂದು ಗೊತ್ತು, ನನಗೂ ಗೊತ್ತು, ಇಡೀ ಶಾಲೆಗೆ ಗೊತ್ತು. "ಬಿಡಿ ಹೇಮಕ್ಕ, ರೋಹಿಣಿ ಅಲ್ವಾ! ಹೋಗಲಿ" ಎಂದುಬಿಟ್ಟೆ.

ಹೇಮಕ್ಕ ನನ್ನ ಕಡೆ ತಿರುಗಿದರು. ಸ್ವರದಲ್ಲಿ ಸಿಟ್ಟಿರಲಿಲ್ಲ, ಗೇಟಿನಿಂದ ಕೈಯನ್ನೂ ತೆಗೆಯಲಿಲ್ಲ. "ಮೇಡಂ, ಬರೆದು ಸೈನ್ ಮಾಡಿ ಕೊಡಿ. ಬಿಡ್ತೇನೆ."

ಮೊದಲು ನಗು ಬಂದದ್ದು ರೋಹಿಣಿಗೆ. ಅವರು ನೆರಳಿನಲ್ಲಿದ್ದ ಕುರ್ಚಿಯಲ್ಲಿ ಕೂತು, "ಬರೀರಿ ಮೇಡಂ, ನಾನು ಕಾಯ್ತೇನೆ" ಎಂದರು. ನಾನು ಅವರ ಐಡಿ ಕಾರ್ಡ್ ನೋಡಿ, ಹೆಸರು, ಸಮಯ, ಕಾರಣ ಬರೆದು ಸಹಿ ಹಾಕಿದೆ. ಹೇಮಕ್ಕ ಅದನ್ನು ಮೇಲಿನಿಂದ ಕೆಳಗಿನ ತನಕ ಓದಿ, ಮಡಚಿ ಫೈಲಿಗೆ ಹಾಕಿ, ಗೇಟು ತೆರೆದರು. ಹಿಡಿದದ್ದು ನಾಲ್ಕೇ ನಿಮಿಷ.

ಮಕ್ಕಳ ರಕ್ಷಣೆಯ ಬಗ್ಗೆ ಆಮೇಲೆ ಎಷ್ಟೋ ಟ್ರೈನಿಂಗುಗಳಿಗೆ ಹೋಗಿದ್ದೇನೆ, ಸರ್ಟಿಫಿಕೇಟುಗಳೂ ಸಿಕ್ಕಿವೆ. ಆದರೆ ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಮೇಲೆ ಕೂತವರು ಬಾಯಿಮಾತಿನಲ್ಲಿ ಕೊಟ್ಟ ಸಡಿಲಿಕೆಯ ಭಾರ ಗೇಟಿನಲ್ಲಿ ನಿಂತವರ ತಲೆಯ ಮೇಲೆ ಬೀಳುತ್ತದೆ. ಆ ಗೇಟಿನಲ್ಲಿ ನಿಂತವರು ನಮ್ಮ ಮುಖ ನೋಡಿ ದಾಕ್ಷಿಣ್ಯಕ್ಕೆ ಬೀಳದೆ 'ಆಗುವುದಿಲ್ಲ' ಎನ್ನುವ ಹಾಗಾದ ದಿನವೇ ಶಾಲೆಗೆ ನಿಜವಾದ ಕಾವಲು ಸಿಕ್ಕಿತೆಂದು ತಿಳಿಯಬೇಕು. ಆ ಮಧ್ಯಾಹ್ನ ಹೇಮಕ್ಕ ನನ್ನ ಮಾತು ಕೇಳಲಿಲ್ಲ. ಮನೆಗೆ ಬಂದು ನನ್ನವರಿಗೆ ಹೇಳಿದೆ, ಇವತ್ತು ನನ್ನ ಕೆಲಸ ಸರಿಯಾಗಿ ಆಯಿತು ಅಂತ.